ಕುರ್ಚಿಯ ಎಡಗಡೆಯಿಂದ ಒಂದು ಕಾಗದ

ಮೈಸೂರು
ಭಾನುವಾರ ಮಧ್ಯಾಹ್ನ

ಮಗಳೇ ಪುಟ್ಟಿ,

ನಿಮ್ಮಪ್ಪ ಫೋನು ಮಾಡಿ, "ನಿನ್ ಥರನೇ ಹಲ್ಲಿನ ಡಾಕ್ಟ್ರು ತಾವು ಕೆಲ್ಸುಕ್ ಹೋಯ್ತಳಂತೆ ಕನವ್ವ, ನೀನೇ ಒಸಿ ಬುದ್ಧಿ ಹೇಳು" ಅಂದರು. ಬುದ್ಧಿ ಹೇಳು ಅಂದರೆ ಬೇಡ ಅನ್ನಿಸು ಅಂತ ಅವರ ಲೆಕ್ಕ. ಅದರ ಹಿಂದೆಯೇ ನಿನ್ನ ಮೆಸೇಜೂ ಬಂತು: "ಚಿಕ್ಕವ್ವ, ಡೆಂಟಲ್ ನರ್ಸ್ ಆಗಕ್ಕೆ ಏನ್ ಓದ್ಬೇಕು?" ಇದಕ್ಕೆ ನಾನು ವಾಯ್ಸ್ ಮೆಸೇಜ್ ಕಳಿಸಿದರೆ ನಿಮ್ಮನೆಯಲ್ಲಿರೋ ಒಂದೇ ಫೋನಿನಲ್ಲಿ ಮನೆಮಂದಿಯೆಲ್ಲ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಕಾಗದ. ಇದು ಒಡೆಯರಪಾಳ್ಯ ಮುಟ್ಟೋ ಹೊತ್ತಿಗೆ ನಿನ್ನ ಆತುರವೂ ಒಂದು ಹದಕ್ಕೆ ಬಂದಿರುತ್ತದೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ ಹೇಳಿಬಿಡುತ್ತೇನೆ. ನಮ್ಮಲ್ಲಿ ಡೆಂಟಲ್ ನರ್ಸ್ ಅನ್ನೋ ಹೆಸರಿನ ಸರ್ಕಾರಿ ಓದು ಇಲ್ಲ. ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಮಾಡಿದವರು ವಾರ್ಡಿಗೆ, ಐಸಿಯುಗೆ, ಹೆರಿಗೆ ಕೋಣೆಗೆ ತಯಾರಾಗುತ್ತಾರೆ, ಹಲ್ಲಿನ ಕುರ್ಚಿಗಲ್ಲ. 1948ರ ದಂತವೈದ್ಯರ ಕಾಯ್ದೆ ಮೂರು ಥರದವರನ್ನು ಗುರುತಿಸಿತು. ಒಬ್ಬರು ದಂತವೈದ್ಯರು. ಇನ್ನೊಬ್ಬರು ಡೆಂಟಲ್ ಹೈಜೀನಿಸ್ಟ್, ಅಂದರೆ ಹಲ್ಲಿಗೆ ಕಟ್ಟಿದ ಪಾಚಿ ತೆಗೆದು, ಪಾಲಿಶ್ ಮಾಡಿ, ಬಾಯಿ ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಡುವವರು. ಮೂರನೆಯವರು ಡೆಂಟಲ್ ಮೆಕ್ಯಾನಿಕ್, ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವರು. ಡಾಕ್ಟರ ಪಕ್ಕದಲ್ಲಿ ನಿಂತು ದಿನವಿಡೀ ಕೈಗೆ ಕೈ ಜೋಡಿಸುವವಳ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. 2023ರಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಕಾಗದದ ಮೇಲೆ ಏನು ಬದಲಾದರೂ ಕ್ಲಿನಿಕ್ಕಿನ ಒಳಗೆ ನಮ್ಮನ್ನು ಕೆಲವರು ಸಿಸ್ಟರ್ ಅನ್ನುತ್ತಾರೆ, ಕೆಲವರು ಅಸಿಸ್ಟೆಂಟ್ ಅನ್ನುತ್ತಾರೆ, ಸಂಬಳದ ಪುಸ್ತಕದಲ್ಲಿ ಹೆಲ್ಪರ್ ಅಂತ ಬರೆಯುವವರೂ ಇದ್ದಾರೆ.

ಹಾಗಾದರೆ ಇಷ್ಟು ಹುಡುಗಿಯರು ಈ ಕೆಲಸಕ್ಕೆ ಬಂದದ್ದು ಹೇಗೆ ಅಂತೀಯ? ನಿಂತೇ ಕಲಿತರು. ನಾನೂ ಹಾಗೇ ಬಂದವಳು. ಗುಡಿಸೋದು, ಒರೆಸೋದು, ಅಪಾಯಿಂಟ್‌ಮೆಂಟ್ ಬರೆಯೋದು ಅಂತ ಸೇರಿಸಿಕೊಳ್ಳುತ್ತಾರೆ. ಒಂದು ದಿನ ಇನ್ನೊಬ್ಬಳು ಬರೋದಿಲ್ಲ, "ಬಾಮ್ಮ, ಸಕ್ಷನ್ ಹಿಡ್ಕೊ" ಅನ್ನುತ್ತಾರೆ. ಅಲ್ಲಿಂದ ಶುರು. ನೀನು ಹಾಗೆ ಬರಬೇಡ. ಈ ಕಾಗದದಲ್ಲಿ ನಾನು ಹೇಳಬೇಕಾದ್ದು ಇದೊಂದೇ, ಉಳಿದದ್ದೆಲ್ಲ ಅದರ ವಿವರ. ನಿನಗೆ ಪಿಯುಸಿಯಲ್ಲಿ ಸೈನ್ಸ್ ಇದೆ. ಹೈಜೀನಿಸ್ಟ್ ಡಿಪ್ಲೊಮಾ ಎರಡು ವರ್ಷ. ಅದನ್ನು ಓದಿ, ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು, ಆಮೇಲೆ ಕುರ್ಚಿಯ ಪಕ್ಕಕ್ಕೆ ಬಾ. ಕೆಲಸ ಅದೇ ಇರಬಹುದು, ಮೊದಲ ವರ್ಷ ಸಂಬಳವೂ ಹೆಚ್ಚುಕಮ್ಮಿ ಅಷ್ಟೇ ಇರಬಹುದು. ಆದರೆ ಕೈಯಲ್ಲಿ ಕಾಗದ ಇದ್ದವಳನ್ನು ಕೂರು ಅಂದಲ್ಲಿ ಕೂರಿಸಿ, ಏಳು ಅಂದಲ್ಲಿ ಏಳಿಸೋಕೆ ಆಗುವುದಿಲ್ಲ.

ನಿಮ್ಮಪ್ಪನಿಗೆ ಇರೋ ತಕರಾರು ಬೇರೆ. "ಕಂಡೋರ ಬಾಯಿಗೆ ಕೈ ಹಾಕೋ ಕೆಲ್ಸ" ಅಂದರು. ಅದಕ್ಕೆ ನಾನು ಏನೂ ಹೇಳಲಿಲ್ಲ, ಯಾಕೆಂದರೆ ಸುಳ್ಳೇನಲ್ಲ. ಜೊಲ್ಲು, ರಕ್ತ, ಕೀವು, ಹಳೇ ಹೊಗೆಸೊಪ್ಪಿನ ವಾಸನೆ ಎಲ್ಲ ಇದೆ. ಮೊದಲ ವಾರ ಊಟ ಸೇರುವುದಿಲ್ಲ. ಆಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ, ಕಣ್ಣಿಗೆ ಬೀಳೋದು ಬೇರೆಯೇ. ಸಗಣಿ ಬಾಚಿ, ಹಸುವಿಗೆ ಕರು ಹಾಕಿಸಿ ಅಭ್ಯಾಸ ಇರೋ ನಿನಗೆ ಇದು ಕಷ್ಟ ಆಗಲಾರದು ಅಂತ ನನ್ನ ನಂಬಿಕೆ. ಪೇಟೆ ಹುಡುಗಿಯರೇ ಹೆಚ್ಚು ಓಡಿಹೋಗುತ್ತಾರೆ!

ದಿನ ಹೇಗಿರುತ್ತೆ ಅಂತ ಹೇಳುತ್ತೇನೆ, ಕೇಳು. ಡಾಕ್ಟರು ಬರುವ ಮೊದಲೇ ನಾವು ಬಂದಿರಬೇಕು. ಕುರ್ಚಿಗೆ ಬರುವ ನೀರಿನ ಪೈಪುಗಳಲ್ಲಿ ರಾತ್ರಿಯೆಲ್ಲ ನಿಂತ ನೀರು ಇರುತ್ತದೆ. ಬೆಳಗ್ಗೆ ಅದನ್ನು ಒಂದೆರಡು ನಿಮಿಷ ಸುಮ್ಮನೆ ಹರಿಯಬಿಟ್ಟು ಹೊರಹಾಕಬೇಕು, ಒಬ್ಬ ಪೇಷಂಟಿಗೂ ಇನ್ನೊಬ್ಬರಿಗೂ ನಡುವೆ ಮತ್ತೆ ಇಪ್ಪತ್ತು ಮೂವತ್ತು ಸೆಕೆಂಡು ಬಿಡಬೇಕು. ಕುರ್ಚಿಯ ಹಿಡಿ, ಲೈಟಿನ ಹಿಡಿ, ಟ್ರೇ ಎಲ್ಲವನ್ನೂ ಒರೆಸಬೇಕು. ಆಮೇಲೆ ಆಟೋಕ್ಲೇವ್. ಪುಟ್ಟಿ, ಇಡೀ ಕ್ಲಿನಿಕ್ಕಿನಲ್ಲಿ ಅದಕ್ಕಿಂತ ದೊಡ್ಡ ಜವಾಬ್ದಾರಿ ಇಲ್ಲ, ಅದು ಪೂರಾ ನಮ್ಮ ಕೈಯಲ್ಲೇ ಇರುತ್ತದೆ. ಒಬ್ಬರ ಬಾಯಿಂದ ಬಂದ ಸಲಕರಣೆಯನ್ನು ಮೊದಲು ತೊಳೆಯಬೇಕು, ರಕ್ತ ಒಣಗಿ ಅಂಟಿಕೊಂಡಿದ್ದರೆ ಎಷ್ಟು ಬಿಸಿ ಮಾಡಿದರೂ ಕೆಳಗಿನದು ಸಾಯುವುದಿಲ್ಲ. ಒಣಗಿಸಿ, ಪೌಚಿನಲ್ಲಿ ಹಾಕಿ ಅಂಟಿಸಿ, ತಾರೀಕು ಬರೆದು, ಹಬೆಯಲ್ಲಿ ಇಡಬೇಕು. 121 ಡಿಗ್ರಿಯಾದರೆ ಕನಿಷ್ಠ ಹದಿನೈದು ನಿಮಿಷ, 134 ಡಿಗ್ರಿಯಾದರೆ ಮೂರ್ನಾಲ್ಕು ನಿಮಿಷ. ಅದೂ ಒಳಗೆ ಆ ಬಿಸಿ ಮುಟ್ಟಿದ ಮೇಲಿನ ಲೆಕ್ಕ, ಸ್ವಿಚ್ ಒತ್ತಿದ ಮೇಲಿನದಲ್ಲ. ಪೌಚಿನ ಮೇಲಿರುವ ಗುರುತು ಬಣ್ಣ ಬದಲಾಯಿಸಿದೆಯಾ ಅಂತ ನೋಡಿಯೇ ತೆಗೆಯಬೇಕು. ಹೊರಗೆ ಹತ್ತು ಜನ ಕಾಯುತ್ತಾ ಕೂತಿರುತ್ತಾರೆ, ಒಳಗಿಂದ "ಆಯ್ತಾ, ಆಯ್ತಾ" ಅಂತ ಕರೆಯುತ್ತಿರುತ್ತಾರೆ. ಆಗ ಎರಡು ನಿಮಿಷ ಮೊದಲೇ ಬಾಗಿಲು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದ ಕಡೆ ಸರಿಯಾಗಿ ಮಾಡೋದೇ ಈ ಕೆಲಸದ ಅರ್ಧ ಭಾಗ. ಹೆಪಟೈಟಿಸ್ ಬಿ ಒಬ್ಬರಿಂದ ಒಬ್ಬರಿಗೆ ದಾಟಿದರೆ ಅದು ಯಾವ ಕ್ಲಿನಿಕ್ಕಿನ ಯಾವ ಕನ್ನಡಿಯಿಂದ ದಾಟಿತು ಅಂತ ಯಾರೂ ಪತ್ತೆ ಮಾಡಲಾರರು.

ಆಮೇಲೆ ಕುರ್ಚಿಯ ಕೆಲಸ. ಮಲಗಿದವರ ತಲೆಯ ಕಡೆ ಹನ್ನೆರಡು ಗಂಟೆ ಅಂದುಕೋ. ಬಲಗೈ ಬಳಸುವ ಡಾಕ್ಟರು ಏಳರಿಂದ ಹನ್ನೆರಡರ ಕಡೆಯಲ್ಲಿ ಕೂರುತ್ತಾರೆ. ನಮ್ಮ ಜಾಗ ಎರಡರಿಂದ ನಾಲ್ಕು, ಅಂದರೆ ಪೇಷಂಟಿನ ಎಡಗಡೆ. ಸಲಕರಣೆ ಕೈ ಬದಲಾಗೋದು ನಾಲ್ಕರಿಂದ ಏಳರ ನಡುವೆ, ಗದ್ದದ ಕೆಳಗೆ, ಎದೆಯ ಮೇಲೆ. ಮುಖದ ಮೇಲೆ ಎಂದೂ ಅಲ್ಲ. ಡಾಕ್ಟರ ಕಣ್ಣು ಹಲ್ಲಿನ ಮೇಲಿಂದ ಏಳಬಾರದು, ಅವರ ಕೈ ಚಾಚಿದ ಹೊತ್ತಿಗೆ ಬೇಕಾದ್ದು ಬೇಕಾದ ದಿಕ್ಕಿನಲ್ಲಿ ಬೆರಳಿಗೆ ತಗುಲಬೇಕು. ಅವರು ಕೇಳಿದ ಮೇಲೆ ಕೊಡೋದು ಒಂದು ಮಟ್ಟ. ಕೇಳುವ ಮುಂಚೆ ಕೊಡೋದು ಇನ್ನೊಂದು. ಒಂದು ಕೈಯಲ್ಲಿ ಸಕ್ಷನ್, ಇನ್ನೊಂದರಲ್ಲಿ ಕೆನ್ನೆ ಸರಿಸೋ ಕನ್ನಡಿ, ನಡುನಡುವೆ ಲೈಟು. ಸಕ್ಷನ್ನನ್ನು ತೀರಾ ಹಿಂದಕ್ಕೆ ಹಾಕಿದರೆ ವಾಂತಿ ಬರುತ್ತದೆ, ನಾಲಿಗೆಗೆ ತಗುಲಿಸಿದರೆ ನಾಲಿಗೆಯನ್ನೇ ಎಳೆದುಕೊಳ್ಳುತ್ತದೆ. ಅಳತೆ ತೆಗೆಯೋಕೆ ಆಲ್ಜಿನೇಟ್ ಕಲಸಬೇಕು, ರಬ್ಬರ್ ಬಟ್ಟಲಿನ ಅಂಚಿಗೆ ಒತ್ತಿ ಒತ್ತಿ, ಒಂದು ನಿಮಿಷದೊಳಗೆ, ಗಂಟಿಲ್ಲದ ಹಾಗೆ. ಮುದ್ದೆ ತಿರುವಿ ಪಳಗಿದ ಕೈಗೆ ಅದು ಬೇಗ ಒಲಿಯುತ್ತದೆ. ಬಿಸಿಲುಕಾಲದಲ್ಲಿ ನೀರು ತಣ್ಣಗಿರಬೇಕು, ಇಲ್ಲದಿದ್ದರೆ ಬಾಯಿಗೆ ಹೋಗುವ ಮೊದಲೇ ಗಟ್ಟಿಯಾಗಿಬಿಡುತ್ತದೆ.

ಹಲ್ಲುಗಳ ಲೆಕ್ಕವೂ ಕಲಿಯಬೇಕು. ಬಾಯಿ ನಾಲ್ಕು ಭಾಗ: ಮೇಲೆ ಬಲ ಒಂದು, ಮೇಲೆ ಎಡ ಎರಡು, ಕೆಳಗೆ ಎಡ ಮೂರು, ಕೆಳಗೆ ಬಲ ನಾಲ್ಕು. ಒಂದೊಂದರಲ್ಲೂ ನಡುವಿನಿಂದ ಹಿಂದಕ್ಕೆ ಎಣಿಸಿದರೆ ಎಂಟು. ಡಾಕ್ಟರು ತ್ರೀ ಸಿಕ್ಸ್ ಅಂದರೆ ಕೆಳಗಿನ ಎಡಗಡೆಯ ಆರನೇ ಹಲ್ಲು, ಮಕ್ಕಳಿಗೆ ಆರು ವರ್ಷಕ್ಕೆ ಬರುವ ಮೊದಲ ದವಡೆಹಲ್ಲು. ಹಾಲುಹಲ್ಲು ಅಂದುಕೊಂಡು ತಾಯಂದಿರು ಅಲಕ್ಷ್ಯ ಮಾಡುವುದು ಇದನ್ನೇ. ನಿನ್ನ ತಮ್ಮನ ಬಾಯಿ ತೆಗೆಸಿ ನೋಡು, ಅದರಲ್ಲಿ ಕಪ್ಪು ಗೆರೆ ಇದ್ದರೆ ಈಗಲೇ ಹೇಳು.

ಇದೆಲ್ಲ ಕಲಿತರೆ ಬರುವಂಥದ್ದು. ಕಲಿಸಿದರೂ ಎಲ್ಲರಿಗೂ ಬರದ್ದು ಒಂದಿದೆ. ಬಾಯೊಳಗೆ ಅಷ್ಟೆಲ್ಲ ಇಟ್ಟುಕೊಂಡವರು ನೋವು ಅಂತ ಹೇಳಲಾರರು. ಅವರ ಕಾಲ್ಬೆರಳು ಹೇಳುತ್ತದೆ. ಮಡಚಿಕೊಂಡಿತು ಅಂದರೆ ಮರಗಟ್ಟಿಸಿದ್ದು ಸಾಲದು ಅಂತ. ಹಣೆಯಲ್ಲಿ ಬೆವರು, ತುಟಿ ಬಿಳುಪು ಅಂದರೆ ತಲೆ ಸುತ್ತುತ್ತಿದೆ, ಕುರ್ಚಿಯನ್ನು ಚಪ್ಪಟೆ ಮಾಡಿ ಕಾಲು ಎತ್ತಬೇಕು. ಡಾಕ್ಟರು ಹಲ್ಲು ನೋಡುತ್ತಿರುವಾಗ ಆ ಮನುಷ್ಯನನ್ನು ನೋಡಬೇಕಾದವಳು ನೀನು.

ನಮ್ಮ ಕಡೆಯವರು ಬಂದರೆ ನನಗೆ ಹೆಜ್ಜೆ ಸದ್ದಿನಲ್ಲೇ ಗೊತ್ತಾಗುತ್ತದೆ. ಹನೂರು, ರಾಮಾಪುರ, ಲೊಕ್ಕನಹಳ್ಳಿ, ಮಾದಪ್ಪನ ಬೆಟ್ಟದ ಆಚೆಯ ಪೋಡುಗಳಿಂದ ಬರುತ್ತಾರೆ. ಹಲ್ಲುನೋವು ಅಂತ ಮೊದಲ ದಿನವೇ ಬಂದವರನ್ನು ನಾನು ಕಾಣೆ. ಲವಂಗ ಇಟ್ಟು, ಹೊಗೆಸೊಪ್ಪು ಇಟ್ಟು, ಹುಳ ಬಿಡಿಸುತ್ತೇನೆ ಅನ್ನೋರ ಹತ್ತಿರ ಯಾವುದೋ ಬೀಜ ಕೆಂಡದ ಮೇಲೆ ಹಾಕಿಸಿಕೊಂಡು ಹೊಗೆ ಹಿಡಿಸಿ, ಮೆಡಿಕಲ್ ಸ್ಟೋರಿನ ಗುಳಿಗೆ ನುಂಗಿ, ಕೊನೆಗೆ ಕೆನ್ನೆ ಊದಿಕೊಂಡಾಗ ಬರುತ್ತಾರೆ. ನಡುವೆ ಒಂದಷ್ಟು ದಿನ ನೋವು ನಿಂತಿರುತ್ತದೆ. ಹುಳ ಹೋಯ್ತು ಅಂದುಕೊಂಡಿರುತ್ತಾರೆ. ಹೋಗಿರೋದು ಹಲ್ಲಿನೊಳಗಿನ ನರ. ಕುರ್ಚಿಯ ಮೇಲೆ ಮಲಗಿದ ಮೇಲೂ ಕೇಳುತ್ತಾರೆ, "ಮ್ಯಾಲಿನ್ ಹಲ್ಲು ಕಿತ್ರೆ ಕಣ್ಣು ಹೋಯ್ತದಂತಲ್ಲವ್ವ?" ನಿಮ್ಮಪ್ಪನೂ ಇದೇ ಭಯಕ್ಕೆ ಆ ಒಡೆದ ದವಡೆ ಇಟ್ಟುಕೊಂಡು ಒಂದೇ ಪಕ್ಕದಲ್ಲಿ ಅಗಿಯೋದು. ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ, ಹಲ್ಲು ಕಿತ್ತಿದ್ದಕ್ಕೆ ದೃಷ್ಟಿ ಹೋಗುವುದಿಲ್ಲ ಅಂತ ಡಾಕ್ಟರು ಇಂಗ್ಲಿಷು ಬೆರೆಸಿ ಹೇಳಿದರೆ ತಲೆ ಆಡಿಸುತ್ತಾರೆ, ನಂಬುವುದಿಲ್ಲ. "ನಾನೂ ಒಡೇರ್‌ಪಾಳ್ಯದವಳೇ ಕನಣ್ಣ, ನಂದೂ ಮ್ಯಾಲಿನ್ ಹಲ್ಲು ಕಿತ್ತವ್ರೆ, ನೋಡು, ಕಣ್ಣು ಹಂಗೇ ಅದೆ" ಅಂದರೆ ಬಾಯಿ ಬಿಡುತ್ತಾರೆ.

ಇದಕ್ಕಿಂತ ಮುಖ್ಯವಾದ್ದು ಹೇಳುತ್ತೇನೆ. ಡಾಕ್ಟರು "ಬಿಪಿ, ಶುಗರ್ ಏನಾದ್ರೂ ಇದೆಯಾ?" ಅಂದರೆ ಇಲ್ಲ ಅನ್ನುತ್ತಾರೆ. ಸುಳ್ಳಲ್ಲ ಅದು, ಮಾತ್ರೆ ತಿಂದರೆ ಕಾಯಿಲೆ ಇಲ್ಲ ಅಂತಲೇ ಅವರ ಎಣಿಕೆ. ನಾನು ಬೇರೆ ಥರ ಕೇಳುತ್ತೇನೆ, "ಬೆಳಿಗ್ಗೆ ಯಾವ ಮಾತ್ರೆ ತಿಂದ್ರಿ?" ಆಗ ಸೆರಗಿನ ಗಂಟಿನಿಂದ, ಚಡ್ಡಿಯ ಜೇಬಿನಿಂದ ಪಟ್ಟಿ ಹೊರಗೆ ಬರುತ್ತದೆ. ಅದರಲ್ಲಿ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹಲ್ಲು ಕೀಳುವ ಮೊದಲು ಡಾಕ್ಟರಿಗೆ ಗೊತ್ತಾಗಲೇಬೇಕು. ಊಟ ಮಾಡಿ ಬಂದಿದ್ದಾರಾ, ಹೆಣ್ಣುಮಕ್ಕಳಾದರೆ ಬಸುರಿಯಾ, ಹಿಂದೆ ಇಂಜೆಕ್ಷನ್ನಿಗೆ ಏನಾದರೂ ಆಗಿತ್ತಾ. ಇವನ್ನೆಲ್ಲ ಅವರು ಡಾಕ್ಟರಿಗೆ ಹೇಳೋದಕ್ಕಿಂತ ನಮಗೆ ಹೇಳುತ್ತಾರೆ. ಸೋಲಿಗರ ಅಜ್ಜಿಯೊಬ್ಬರು ಬಂದರೆ ನಮ್ಮ ಡಾಕ್ಟರು, ಒಳ್ಳೇ ಕೈಯಿರೋರು, ಅರ್ಧ ಮಾತು ಅರ್ಥವಾಗದೆ ನನ್ನ ಮುಖ ನೋಡುತ್ತಾರೆ. ದಂತ ಕಾಲೇಜುಗಳಿಗೆ ನಮ್ಮ ರಾಜ್ಯದಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು, ಮಣಿಪಾಲದ್ದು 1965, ಇಲ್ಲಿ ಮೈಸೂರಿನ ಜೆಎಸ್ಎಸ್ 1986. ಕೊರತೆ ಇರೋದು ಆ ಕುರ್ಚಿಗೂ ನಮ್ಮ ಪಾಳ್ಯಗಳಿಗೂ ನಡುವೆ ನಿಂತು ಮಾತಾಡುವವರಿಗೆ.

ಅಜ್ಜಿ ಅಂದಾಗ ನಮ್ಮಜ್ಜಿ ನೆನಪಾದರು. ಅವರ ಕಡ್ಡಿಪುಡಿ ಬಿಡಿಸೋಕೆ ನಮ್ಮಿಂದ ಆಗಲಿಲ್ಲ. ನೀನು ಒಂದು ಕೆಲಸ ಮಾಡು, ಇದನ್ನೇ ನಿನ್ನ ಮೊದಲ ಪಾಠ ಅಂದುಕೋ. ಬಿಸಿಲಿಗೆ ಕೂರಿಸಿ, ಇಲ್ಲ ಟಾರ್ಚ್ ಹಿಡಿದು, ಅವರು ಕಡ್ಡಿಪುಡಿ ಒತ್ತಿಕೊಳ್ಳುವ ಜಾಗ ನೋಡು. ಕೆಳತುಟಿಯ ಒಳಗೆ, ಕೆನ್ನೆಯ ಒಳಗೆ, ನಾಲಿಗೆಯ ಎರಡು ಅಂಚು, ನಾಲಿಗೆ ಕೆಳಗೆ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಟ್ಟಿಯಾದ ಗಂಟು, ಎರಡು ವಾರ ಕಳೆದರೂ ಮಾಯದ ಹುಣ್ಣು, ಇವುಗಳಲ್ಲಿ ಒಂದು ಕಂಡರೂ ನೋವಿಲ್ಲ ಅಂತ ಸುಮ್ಮನಿರಬೇಡ. ಶುರುವಿನಲ್ಲಿ ನೋವು ಇರುವುದೇ ಇಲ್ಲ, ಅದೇ ಅದರ ಮೋಸ. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗಾದರೂ ಸರಿ, ಚಾಮರಾಜನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗಾದರೂ ಸರಿ, ಕರೆದುಕೊಂಡು ಹೋಗಿ ತೋರಿಸಬೇಕು. ನಿಮ್ಮ ಬೀದಿ ಹುಡುಗರ ಬಾಯನ್ನೂ ಗಮನಿಸು. ಅವರವರ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸಬೇಕು. ಎರಡೇ ಹಿಡಿಸುತ್ತದೆ, ಸಾರು ಖಾರ ಅಂತ ಕಿರುಚುತ್ತಾನೆ ಅಂದರೆ ಅಡಿಕೆಯ ಪುಡಿ ಕೆನ್ನೆಯ ಒಳಗಿನ ಚರ್ಮವನ್ನು ಗಟ್ಟಿ ಮಾಡಿಬಿಟ್ಟಿದೆ. ಆ ಗಟ್ಟಿತನ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಅಡಿಕೆಪುಡಿ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ ಆಗಿ ಅದೇ ಅಂಗಡಿಯಲ್ಲಿ ಪಕ್ಕಪಕ್ಕ ನೇತಾಡಿದವು. ಎರಡನ್ನೂ ಅಂಗೈಲಿ ಬೆರೆಸೋದು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಕೆಲಸದ ಅಪಾಯ. ಸೂಜಿ. ಬಳಸಿದ ಸೂಜಿಗೆ ಎರಡು ಕೈಯಲ್ಲಿ ಮುಚ್ಚಳ ಹಾಕಬೇಡ. ಮುಚ್ಚಳ ಟ್ರೇಯಲ್ಲೇ ಮಲಗಿರಲಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಬೇಕು. ಚುಚ್ಚಿಕೊಂಡರೆ ಹಿಂಡಬೇಡ, ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳು. ಎಚ್‌ಐವಿ ತಡೆಯುವ ಔಷಧಿಯನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೈಯ್ತಾರೆ ಅಂತ ಮುಚ್ಚಿಡುವ ಹುಡುಗಿಯರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಹೆಪಟೈಟಿಸ್ ಬಿ ಲಸಿಕೆ ಮೂರು ಸಲ, ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಓದೋಕೆ ಸೇರುವ ಮುಂಚೆಯೇ ಶುರು ಮಾಡಿಕೊಂಡುಬಿಡು. ಕಸದ ಬಣ್ಣಗಳೂ ನಮ್ಮ ತಲೆಯ ಮೇಲೆಯೇ. 2016ರ ನಿಯಮದ ಪ್ರಕಾರ ಕಿತ್ತ ಹಲ್ಲು, ರಕ್ತದ ಹತ್ತಿ ಹಳದಿಗೆ, ಗ್ಲೌಸು, ಸಕ್ಷನ್ ಪೈಪು ಕೆಂಪಿಗೆ, ಸೂಜಿ ಬ್ಲೇಡು ಬಿಳೀ ಡಬ್ಬಕ್ಕೆ, ಗಾಜಿನ ಬಾಟಲಿ ನೀಲಿಗೆ. ಸೊಂಟ ಮತ್ತು ಕತ್ತು ನೋಯುತ್ತವೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಸ್ಟೂಲು ಕೇಳಿ ಪಡೆದುಕೋ.

ದುಡ್ಡಿನ ವಿಷಯ. ಕೊಳ್ಳೇಗಾಲದಲ್ಲಿ ಯಾರೋ ಎಂಟು ಸಾವಿರಕ್ಕೆ ನಾಳೆಯಿಂದಲೇ ಬಾ ಅಂದರು ಅಂತ ನಿಮ್ಮವ್ವ ಹೇಳಿದಳು. ಹೋಗಬೇಡ. ಮೂರು ನಾಲ್ಕು ಜನ ಇರೋ ಕ್ಲಿನಿಕ್ಕಿಗೆ ಇಎಸ್‌ಐ ಬರುವುದಿಲ್ಲ, ಅದಕ್ಕೆ ಹತ್ತು ಜನ ಇರಬೇಕು, ಪಿಎಫ್‌ಗೆ ಇಪ್ಪತ್ತು. ಅಂದರೆ ನಮ್ಮಂಥವರು ಹುಷಾರು ತಪ್ಪಿದ ದಿನ ಸಂಬಳ ಇಲ್ಲ, ಮುಪ್ಪಿಗೆ ಉಳಿತಾಯ ಇಲ್ಲ. ಹಲ್ಲಿಗೆ ಕ್ಯಾಪು ಹಾಕಿಸಿಕೊಂಡವರು ಕೊಟ್ಟು ಹೋಗೋ ದುಡ್ಡು ಎಣಿಸಿ ಡ್ರಾಯರಿನಲ್ಲಿ ಇಡೋಳು ನೀನೇ ಆಗಿರುತ್ತೀಯ, ಆ ಒಂದು ಕ್ಯಾಪಿನ ದುಡ್ಡು ನಿನ್ನ ತಿಂಗಳ ಸಂಬಳದ ಹತ್ತಿರ ಹತ್ತಿರ ಇರುತ್ತದೆ. ಈ ಲೆಕ್ಕ ಮನಸ್ಸಿಗೆ ಚುಚ್ಚುತ್ತದೆ ಅಂತ ಮೊದಲೇ ಗೊತ್ತಿರಲಿ. ಡಿಪ್ಲೊಮಾ ಆದವರಿಗೆ ದಂತ ಕಾಲೇಜುಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಜಾಗ ಇದೆ. 2014-15ರಲ್ಲಿ ಶುರುವಾದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮದಲ್ಲಿ ದಂತವೈದ್ಯರ ಜೊತೆಗೆ ಹೈಜೀನಿಸ್ಟ್, ಅಸಿಸ್ಟೆಂಟ್ ಹುದ್ದೆಗಳನ್ನೂ ಸೇರಿಸಿದ್ದಾರೆ. ಗುತ್ತಿಗೆ ಕೆಲಸ ಅದು, ಖಾಯಂ ಅಲ್ಲ. ಆದರೂ ಆ ಪಟ್ಟಿಯಲ್ಲಿ ನಿಲ್ಲೋಕೆ ಕಾಗದ ಬೇಕು.

ಇನ್ನೊಂದು ಮಾತು, ಇದು ಹೆದರಿಸೋಕಲ್ಲ. ಕೆಲವು ಕಡೆ ಡಾಕ್ಟರು ಇಲ್ಲದ ಹೊತ್ತಿನಲ್ಲಿ "ನೀನೇ ಒಂದು ಕ್ಲೀನಿಂಗ್ ಮಾಡಿ ಕಳಿಸು" ಅನ್ನುತ್ತಾರೆ. ಕಾಗದ ಇಲ್ಲದವಳು ಅದನ್ನು ಮಾಡುವಂತಿಲ್ಲ, ಹೈಜೀನಿಸ್ಟ್ ಆದರೂ ಡಾಕ್ಟರ ಉಸ್ತುವಾರಿಯಲ್ಲೇ ಮಾಡಬೇಕು. ಇಂಜೆಕ್ಷನ್, ಹಲ್ಲು ಕೀಳೋದು ಎಂದೆಂದಿಗೂ ನಮ್ಮದಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ನೋಡಿ, ಊರಿಗೆ ಹೋಗಿ ಬೋರ್ಡು ಹಾಕಿಕೊಂಡವರಿದ್ದಾರೆ. ಜಾತ್ರೆಯಲ್ಲಿ ಚಾಪೆ ಹಾಸಿಕೊಂಡು ಸ್ಥಳದಲ್ಲೇ ಹಲ್ಲು ಕಟ್ಟಿಕೊಡುವವರಿಗೂ ಅವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಹಾಗೆ ಕಟ್ಟಿದ ಹಲ್ಲಿನ ಕೆಳಗೆ ಕೊಳೆತ ಒಸಡನ್ನು ನಾನು ತೊಳೆದಿದ್ದೇನೆ.

ಟಿಬೆಟಿಯನ್ ಕ್ಯಾಂಪಿನ ನಿನ್ನ ಗೆಳತಿಯ ಅಕ್ಕ ಹೊರದೇಶದಲ್ಲಿ ಇದೇ ಕೆಲಸ ಮಾಡುತ್ತಾಳೆ, ಕೈತುಂಬ ಸಂಬಳವಂತೆ ಅಂತ ಬರೆದಿದ್ದೆ. ಇರಬಹುದು. ಆ ಕ್ಯಾಂಪು ಶುರುವಾದದ್ದು ಐವತ್ತು ವರ್ಷದ ಹಿಂದೆ. ಅಲ್ಲಿಂದ ಜೋಳದ ಹೊಲ ಬಿಟ್ಟು ದೂರ ಹೋದವರು ಎಷ್ಟೋ ಜನ. ಆದರೆ ಹೊರದೇಶದ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ 2008ರಿಂದ ಡೆಂಟಲ್ ನರ್ಸುಗಳು ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಲೇಬೇಕು. ಮಾನ್ಯತೆ ಇರುವ ಪರೀಕ್ಷೆ ಪಾಸಾಗಿ ಪಟ್ಟಿಗೆ ಹೆಸರು ಸೇರದವಳು ತಾನು ಡೆಂಟಲ್ ನರ್ಸ್ ಅಂತ ಹೇಳಿಕೊಳ್ಳುವಂತಿಲ್ಲ. ಇಲ್ಲಿ ಎಷ್ಟು ವರ್ಷ ನಿಂತಿದ್ದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಹೊರದೇಶಗಳವರಿಗೂ ಈ ಮಾನ್ಯತೆ ಸುಮ್ಮನೆ ಬಂದದ್ದಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಅನ್ನೋ ದಂತವೈದ್ಯ 1885ರಲ್ಲಿ ಮಾಲ್ವಿನಾ ಕ್ಯುರಿಯಾ ಅನ್ನೋ ಹುಡುಗಿಯನ್ನು ಕೆಲಸಕ್ಕಿಟ್ಟುಕೊಂಡರು. ಒಳಗೆ ಹೆಣ್ಣುಮಗಳೊಬ್ಬಳು ಇದ್ದಾಳೆ ಅಂತ ಕಿಟಕಿಗೆ ಫಲಕ ಹಾಕಿದ ಮೇಲೆ, ಗಂಡನೋ ಅಣ್ಣನೋ ಜೊತೆಗಿಲ್ಲದೆಯೂ ಹೆಂಗಸರು ಹಲ್ಲು ತೋರಿಸೋಕೆ ಬರತೊಡಗಿದರಂತೆ. ನಮ್ಮಲ್ಲಿ ಇಂದಿಗೂ ನಾನು ಒಳಗಿದ್ದೇನೆ ಅಂತ ಬಗ್ಗಿ ನೋಡಿಯೇ ಬರುವ ಹೆಂಗಸರಿದ್ದಾರೆ. ಕನೆಕ್ಟಿಕಟ್‌ನ ಆಲ್ಫ್ರೆಡ್ ಫೋನ್ಸ್ ಅನ್ನೋ ದಂತವೈದ್ಯ 1906ರಲ್ಲಿ ತನ್ನ ಅಸಿಸ್ಟೆಂಟ್ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿ ಮಾಡೋದನ್ನು ಕಲಿಸಿದರು; 1913ರಲ್ಲಿ ಅದಕ್ಕೊಂದು ಶಾಲೆಯನ್ನೇ ತೆರೆದರು. ಜಗತ್ತಿನ ಮೊದಲ ಹೈಜೀನಿಸ್ಟ್ ಪಕ್ಕದಲ್ಲಿ ನಿಂತಿದ್ದವಳೇ ಕಣವ್ವ. ನ್ಯೂಜಿಲೆಂಡ್‌ನವರು ಇನ್ನೂ ಮುಂದೆ ಹೋದರು. 1921ರಿಂದ ವೆಲಿಂಗ್ಟನ್‌ನಲ್ಲಿ ಹುಡುಗಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ಶಾಲೆಶಾಲೆಗೆ ಡೆಂಟಲ್ ನರ್ಸ್ ಅಂತ ಕಳಿಸಿದರು. ಮಕ್ಕಳ ಹುಳುಕು ತುಂಬೋದು, ಹಾಲುಹಲ್ಲು ಕೀಳೋದು ಎಲ್ಲ ಅವರೇ ಮಾಡುತ್ತಿದ್ದರು. ಕೆಲವು ದಂತವೈದ್ಯರು ಒಪ್ಪಲಿಲ್ಲ, ಮಕ್ಕಳು ಆ ಕೋಣೆಗೆ ಕೊಲೆಮನೆ ಅಂತ ಹೆಸರಿಟ್ಟರು, ಆದರೂ ಅದು ದಶಕಗಟ್ಟಲೆ ನಡೆಯಿತು. ನಮ್ಮ ಶಾಲೆಗಳಿಗೆ ಅಂಥದ್ದೊಂದು ಬಂದಿದ್ದರೆ ನಾನು ತೊಳೆದ ಎಷ್ಟೋ ಬಾಯಿಗಳು ಆ ಸ್ಥಿತಿಗೆ ಬರುತ್ತಿರಲಿಲ್ಲ. ನಮ್ಮಲ್ಲಿ ಒಬ್ಬರ ಕೈಯಲ್ಲಿ ಎಲ್ಲ ಕೆಲಸವನ್ನೂ ಇಟ್ಟು, ಆ ಒಬ್ಬರನ್ನು ಪೇಟೆಯಲ್ಲಿ ಕೂರಿಸಿದ್ದೇವೆ. ಇದು ನನ್ನ ಅಭಿಪ್ರಾಯ, ಡಾಕ್ಟರ ಮುಂದೆ ಹೇಳಿದರೆ ನಗುತ್ತಾರೆ.

ಈಗ ಮಾಡಬೇಕಾದ್ದು. ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಆರು ತಿಂಗಳಿಗೆ ಡೆಂಟಲ್ ನರ್ಸಿಂಗ್ ಡಿಪ್ಲೊಮಾ ಅಂತ ಬೋರ್ಡು ಹಾಕಿರೋರ ಹತ್ತಿರ ಒಂದು ರೂಪಾಯಿಯನ್ನೂ ಕಟ್ಟಬೇಡ. ಯಾವ ಕಾಲೇಜಾದರೂ ಎರಡು ಪ್ರಶ್ನೆ ಕೇಳು. ಸರ್ಟಿಫಿಕೇಟಿಗೆ ಸಹಿ ಹಾಕುವವರು ಯಾರು? ಅದನ್ನು ಹಿಡಿದುಕೊಂಡು ಹೋದರೆ ರಾಜ್ಯ ದಂತ ಪರಿಷತ್ತು ನನ್ನ ಹೆಸರು ಬರೆದುಕೊಳ್ಳುತ್ತದಾ? ಉತ್ತರ ತಡವರಿಸಿದರೆ ಎದ್ದು ಬಾ. ಡೆಂಟಲ್ ಆಪರೇಟಿಂಗ್ ರೂಮ್ ಅಸಿಸ್ಟೆಂಟ್ ಅನ್ನೋ ಚಿಕ್ಕ ಓದೂ ಇದೆ. ಹೈಜೀನಿಸ್ಟ್ ಸೀಟು ಸಿಗದಿದ್ದರೆ ಅದನ್ನು ನೋಡೋಣ. ಅದೂ ಆಗದಿದ್ದರೆ ಮಾತ್ರ ಕ್ಲಿನಿಕ್ಕು, ಅದೂ ನಾನು ಬಂದು ಮಾತಾಡಿದ ಮೇಲೆ.

ಹಾಸ್ಟೆಲಿಗೆ ಅರ್ಜಿ ಹಾಕೋಣ, ಸಿಗುವವರೆಗೆ ನಮ್ಮನೆಯಲ್ಲಿ ಇರು. ಒಂದೇ ಕೋಣೆ, ಗೊತ್ತಲ್ಲ. ಮದುವೆ ವಿಷಯಕ್ಕೆ ನಿಮ್ಮವ್ವನ ಹತ್ತಿರ ನಾನು ಮಾತಾಡುತ್ತೇನೆ. ಎರಡು ವರ್ಷಕ್ಕೆ ಯಾವ ಗಂಡೂ ಓಡಿಹೋಗುವುದಿಲ್ಲ, ಓಡಿಹೋಗುವವನಾದರೆ ಹೋಗಲಿ. ನಿಮ್ಮಪ್ಪನಿಗೆ ಈ ಕಾಗದದಲ್ಲಿ ಜಗಳ ಮಾಡುವಂಥದ್ದು ಏನೂ ಇಲ್ಲ, ಓದಿ ಹೇಳು. ದುಡ್ಡಿನ ಪ್ಯಾರಾ ಬಿಟ್ಟು ಓದು.

ಲೊಕ್ಕನಹಳ್ಳಿ ನಾಡಕಚೇರಿಗೆ ಈ ವಾರವೇ ಹೋಗಿ ಜಾತಿ, ಆದಾಯದ ಸರ್ಟಿಫಿಕೇಟು ಮಾಡಿಸಿಕೋ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡು, ಟಿಸಿ, ಒಂದರಿಂದ ಹತ್ತರವರೆಗಿನ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಆಧಾರು, ರೇಷನ್ ಕಾರ್ಡು, ಫೋಟೋ, ಎಲ್ಲದಕ್ಕೂ ಎರಡೆರಡು ಜೆರಾಕ್ಸು. ಒರಿಜಿನಲ್ ಯಾರ ಕೈಗೂ ಕೊಡಬೇಡ. ನಿಮ್ಮಪ್ಪ ಜೋಳಕ್ಕೆ ಗೊಬ್ಬರ ಕೊಡೋದು ಮುಗಿದ ಮೇಲೆ ಇಬ್ಬರೂ ಬನ್ನಿ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಸಂಜೆ ಆನೆ ರಸ್ತೆಗೆ ಇಳಿಯೋ ಮುಂಚೆ ಅವರು ವಾಪಸ್ ಊರು ಸೇರಬಹುದು. ಕೊಳ್ಳೇಗಾಲದಲ್ಲಿ ಮೈಸೂರು ಬಸ್ಸು ಹತ್ತಿದ ತಕ್ಷಣ ಒಂದು ಮಿಸ್ಡ್ ಕಾಲ್ ಕೊಡು, ನಾನು ಕ್ಲಿನಿಕ್ಕಿನಲ್ಲಿ ಅರ್ಧ ದಿನ ರಜ ಕೇಳಿಟ್ಟುಕೊಂಡಿರುತ್ತೇನೆ.

ಅಜ್ಜಿಯ ಬಾಯಿ ನೋಡಿದ ದಿನವೇ ಫೋನು ಮಾಡು.

ಇಂತಿ,
ನಿನ್ನ ಚಿಕ್ಕವ್ವ